ಸೈನ್ಯದ ಡಾಕ್ಟರಾಗಲು ಎರಡು ಬಾಗಿಲು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸದಸ್ಯರು ಹಾಗೂ ಅವರ ಮಕ್ಕಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ, ಸೇನೆಯಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಪ್ರಕಟಿಸಲಾಗಿದೆ.)



ನಮ್ಮ ಐದು ತಾಲ್ಲೂಕುಗಳಲ್ಲಿ ಎಲ್ಲಿಗೇ ಹೋದರೂ ನನಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದು: "ಸರ, ನಮ್ಮ ಹುಡುಗ ಮಿಲ್ಟ್ರಿ ಡಾಕ್ಟರ್ ಆಗ್ತೀನಿ ಅಂತಾನ. ಪಿ.ಯು.ಸಿ. ಆದಮ್ಯಾಲ ಎಲ್ಲಿಗೆ ಅರ್ಜಿ ಹಾಕಬೇಕ್ರಿ?" ಎರಡನೆಯದು ಒಂದು ವರ್ಷದ ನಂತರ ಬರುತ್ತದೆ: "ಪುಣೆದಾಗ ಸೀಟು ಸಿಗಲಿಲ್ರಿ. ಇನ್ನ ಆ ಆಸೆ ಬಿಟ್ಟಂಗ ಏನ್ರಿ?" ಮೊದಲ ಪ್ರಶ್ನೆಗೆ ಉತ್ತರ ಹೇಳುವವರು ಬಹಳ ಜನ ಇದ್ದಾರೆ. ಕೋಚಿಂಗ್ ಸೆಂಟರಿನ ಬೋರ್ಡುಗಳೇ ಹೇಳುತ್ತವೆ. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಹೇಳುವವರು ಕಡಿಮೆ. ಆ ಆಸೆಯನ್ನು ಬಿಡಬೇಕಾಗಿಲ್ಲ ಎಂಬುದೇ ಆ ಉತ್ತರ. ಅದನ್ನೇ ಇವತ್ತು ಸ್ವಲ್ಪ ವಿವರವಾಗಿ ಹೇಳಲು ಬಂದಿದ್ದೇನೆ.

ಸೈನ್ಯದ ವೈದ್ಯನಾಗಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು ಪಿ.ಯು.ಸಿ. ಮುಗಿದ ಕೂಡಲೇ ತೆರೆಯುವುದು. ಅದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಲ್ಲರೂ ಎ.ಎಫ್.ಎಂ.ಸಿ. ಎಂದು ಕರೆಯುವ ಸಂಸ್ಥೆ. ಇನ್ನೊಂದು ಬಾಗಿಲು ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಕೊಪ್ಪಳ ಹೀಗೆ ಯಾವುದೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ನಂತರ ತೆರೆಯುವುದು. ಅದಕ್ಕೆ ಶಾರ್ಟ್ ಸರ್ವಿಸ್ ಕಮಿಷನ್ ಎನ್ನುತ್ತಾರೆ. ಮೊದಲ ಬಾಗಿಲನ್ನು ಹದಿನೇಳು ಹದಿನೆಂಟನೇ ವಯಸ್ಸಿನಲ್ಲಿ, ಹೆಚ್ಚಾಗಿ ತಂದೆತಾಯಿಗಳ ಆಸೆಯ ಮೇಲೆ ತಟ್ಟಲಾಗುತ್ತದೆ. ಎರಡನೆಯದನ್ನು ತಟ್ಟುವ ನಿರ್ಧಾರ ಮಾಡುವುದು ಇಪ್ಪತ್ತು ದಾಟಿದ, ಹೆಣ ಕೊಯ್ದು, ರಾತ್ರಿ ಪಾಳಿ ಮಾಡಿ, ರೋಗಿಯ ಮುಖ ನೋಡಿ ಬಂದ ಹುಡುಗ ಅಥವಾ ಹುಡುಗಿ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆಯ ಮಕ್ಕಳಿಗೆ ಈ ಎರಡನೆಯ ಬಾಗಿಲೇ ಹೆಚ್ಚು ಹತ್ತಿರ. ಹಾಗೆಂದು ಮೊದಲನೆಯದನ್ನು ನೋಡದೆ ಬಿಡಬಾರದು.

ಮೊದಲು ಪುಣೆಯ ವಿಚಾರ. ಈ ಕಾಲೇಜು ಸ್ಥಾಪನೆಯಾದದ್ದು 1948ರಲ್ಲಿ. ಎಂ.ಬಿ.ಬಿ.ಎಸ್. ವಿಭಾಗ ಆರಂಭವಾದದ್ದು 1962ರಲ್ಲಿ. ಮೊದಲು ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿದ್ದ ಕಾಲೇಜು ಈಗ ನೀಟ್ ಅಂಕಗಳ ಮೇಲೆ ಮಕ್ಕಳನ್ನು ಕರೆಯುತ್ತದೆ. ಈಚಿನ ವರ್ಷಗಳಲ್ಲಿ ಒಟ್ಟು 150 ಸೀಟುಗಳಿದ್ದು, ಅದರಲ್ಲಿ 5 ಮಿತ್ರರಾಷ್ಟ್ರಗಳ ವಿದ್ಯಾರ್ಥಿಗಳಿಗೆ. ಉಳಿದ 145ರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ಇಡೀ ದೇಶಕ್ಕೆ ಇಷ್ಟೇ. ಹುಡುಗಿಯರಿಗೆ ಸೀಟು ಕಡಿಮೆ ಇರುವುದರಿಂದ ಅವರಿಗೆ ಬೇಕಾಗುವ ನೀಟ್ ಅಂಕ ಹುಡುಗರಿಗಿಂತ ಮೇಲೆಯೇ ನಿಲ್ಲುತ್ತದೆ. ಮನೆಯಲ್ಲಿ ಶಾಣ್ಯಾ ಹುಡುಗಿ ಇದ್ದವರು ಇದನ್ನು ತಿಳಿದಿರಬೇಕು.

ಇಲ್ಲಿ ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಸಂವಿಧಾನದ 371(ಜೆ) ವಿಧಿಯಿಂದ 2013ರ ನಂತರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ಮೀಸಲಾಗಿವೆ. ಹರಪನಹಳ್ಳಿಯವರಂತೂ ಇದಕ್ಕಾಗಿ ಬಹಳ ದಿನ ಕಾಯ್ದರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಪುಣೆಯ ಕಾಲೇಜಿನಲ್ಲಿ ರಾಜ್ಯವಾರು ಪಾಲು ಇಲ್ಲ. 371(ಜೆ) ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ದೆಹಲಿಯ ಹುಡುಗನೂ ಕೊಟ್ಟೂರಿನ ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅದೇ ಬಳ್ಳಾರಿ, ಕೊಪ್ಪಳ, ರಾಯಚೂರಿನ ಸರ್ಕಾರಿ ಸೀಟಿಗೆ ಈ ಪ್ರಮಾಣಪತ್ರ ದೊಡ್ಡ ಆಸರೆ. ಎರಡನೆಯ ಬಾಗಿಲು ನಮಗೆ ಹತ್ತಿರ ಎಂದು ನಾನು ಹೇಳಿದ್ದಕ್ಕೆ ಇದು ಮೊದಲನೆಯ ಕಾರಣ.

ಎರಡನೆಯ ಕಾರಣ ಇಂಗ್ಲಿಷು. ನೀಟ್ ಪರೀಕ್ಷೆಯನ್ನು ಈಗ ಕನ್ನಡದಲ್ಲಿಯೂ ಬರೆಯಬಹುದು. ಆದರೆ ಪುಣೆಗೆ ಕರೆಸಿಕೊಂಡವರಿಗೆ ಅಲ್ಲಿ ಇನ್ನೊಂದು ಪರೀಕ್ಷೆ ಇರುತ್ತದೆ. ಇಂಗ್ಲಿಷ್ ಭಾಷೆ, ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ ಇವುಗಳ ಮೇಲೆ ಕಂಪ್ಯೂಟರಿನಲ್ಲಿ 30 ನಿಮಿಷದಲ್ಲಿ 40 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಆಮೇಲೆ ಸಂದರ್ಶನ, ನಂತರ ದೇಹ ತಪಾಸಣೆ. ಜೀವಶಾಸ್ತ್ರದಲ್ಲಿ ಮುಂದಿರುವ ನಮ್ಮ ಹಳ್ಳಿ ಹುಡುಗರಿಗೆ ಕಷ್ಟವಾಗುವುದು ಈ ಅರ್ಧ ಗಂಟೆ. ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಎಂಟನೇ ತರಗತಿಯಿಂದ ದಿನಕ್ಕೆ ಅರ್ಧ ಪುಟ ಇಂಗ್ಲಿಷ್ ಪತ್ರಿಕೆ ಓದಿ, ಓದಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಯುವ ಅಭ್ಯಾಸ ಸಾಕು. ಇದನ್ನು ಪಿ.ಯು.ಸಿ. ಎರಡನೇ ವರ್ಷದ ಮಾರ್ಚ್ ತಿಂಗಳಲ್ಲಿ ಆರಂಭಿಸಿದರೆ ಆಗುವುದಿಲ್ಲ. ಎಮ್ಮೆ ಈಯುವ ಹಿಂದಿನ ದಿನ ಹಿಂಡಿ ಹಾಕಿದರೆ ಹಾಲು ಹೆಚ್ಚುತ್ತದೆಯೇ?

ಅರ್ಹತೆಯ ನಿಯಮಗಳಲ್ಲಿ ನಮ್ಮವರು ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ನಾಲ್ಕನ್ನೂ ಮೊದಲ ಪ್ರಯತ್ನದಲ್ಲಿಯೇ ಪಾಸು ಮಾಡಿರಬೇಕು. ವಿಜ್ಞಾನದ ಮೂರು ವಿಷಯಗಳಲ್ಲಿ ಒಟ್ಟು ಶೇಕಡಾ 60, ಪ್ರತಿಯೊಂದರಲ್ಲಿ ಶೇಕಡಾ 50, ಇಂಗ್ಲಿಷಿನಲ್ಲಿಯೂ ಶೇಕಡಾ 50 ಬೇಕು. ಹತ್ತನೇ ತರಗತಿಯಲ್ಲಿ ಗಣಿತ ಪಾಸಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಭ್ಯರ್ಥಿ ಅವಿವಾಹಿತರಾಗಿರಬೇಕು, ಓದು ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಈ ಕೊನೆಯ ಮಾತನ್ನು ನಾನು ತಾಯಂದಿರ ಕಡೆ ನೋಡಿ ಹೇಳುತ್ತಿದ್ದೇನೆ. ಹುಡುಗಿ ಪಿ.ಯು.ಸಿ. ಮುಗಿಸಿದ ಬೇಸಿಗೆಯಲ್ಲಿ ಗಂಡಿನ ಕಡೆಯವರು ಬಂದು ಹೋಗುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅಜ್ಜಿಗೆ ಆರೋಗ್ಯ ಸರಿಯಿಲ್ಲ, ಮೊಮ್ಮಗಳ ಮದುವೆ ನೋಡಿಬಿಡಲಿ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ? ಅಜ್ಜಿಯ ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಪುಣೆಗೆ ಹೋಗಬೇಕಾದ ಹುಡುಗಿಗೆ ಆ ಒಂದು ನಿರ್ಧಾರ ಶಾಶ್ವತವಾಗಿ ಬಾಗಿಲು ಹಾಕುತ್ತದೆ.

ಪುಣೆಯಲ್ಲಿ ಬೋಧನಾ ಶುಲ್ಕವಿಲ್ಲ. ಓದಿಸುವ ವೆಚ್ಚವನ್ನು ಸರ್ಕಾರ ಹೊರುತ್ತದೆ. ಅದಕ್ಕೆ ಪ್ರತಿಯಾಗಿ ಬಾಂಡ್ ಬರೆಸಿಕೊಳ್ಳುತ್ತಾರೆ. ಓದು ಮುಗಿದ ಮೇಲೆ ಸೈನ್ಯದಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಲೇಬೇಕು. ಕೆಲವರಿಗೆ ಪರ್ಮನೆಂಟ್ ಕಮಿಷನ್, ಉಳಿದವರಿಗೆ ಏಳು ವರ್ಷದ ಶಾರ್ಟ್ ಸರ್ವಿಸ್. ನಡುವೆ ಬಿಟ್ಟು ಬಂದರೆ ಬಾಂಡಿನ ಹಣ ಕಟ್ಟಬೇಕು. ಈಚಿನ ವರ್ಷಗಳಲ್ಲಿ ಆ ಮೊತ್ತ 60 ಲಕ್ಷ ರೂಪಾಯಿ ದಾಟಿದೆ. ಅದಕ್ಕೆ ತಂದೆ ಅಥವಾ ಪೋಷಕರೂ ಸಹಿ ಹಾಕುತ್ತಾರೆ ಎಂಬುದನ್ನು ಮರೆಯಬೇಡಿ. ಸೊಸೈಟಿಯಲ್ಲಿ ಎಮ್ಮೆ ಸಾಲದ ಕಾಗದಕ್ಕೆ ಸಹಿ ಹಾಕುವಾಗ ಎರಡು ಸಲ ಓದಿಸಿ ಕೇಳುವ ನಾವು, ಈ ಕಾಗದವನ್ನು ಹತ್ತು ಸಲ ಓದಿಸಿ ಕೇಳಬೇಕು. ಹುಡುಗನಿಗೆ ಮನಸ್ಸಿಲ್ಲದೆ ಫ್ರೀ ಸೀಟು ಎಂಬ ಒಂದೇ ಕಾರಣಕ್ಕೆ ಕಳಿಸಿದರೆ, ಮುಂದೆ ಅವನೂ ಸುಖಪಡುವುದಿಲ್ಲ, ಸೈನಿಕನಿಗೂ ಒಳ್ಳೆಯ ಡಾಕ್ಟರ್ ಸಿಗುವುದಿಲ್ಲ.

ಈಗ ಎರಡನೆಯ ಬಾಗಿಲಿಗೆ ಬರೋಣ.

ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಶಿಪ್ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ ಮಾಡಿಸಿಕೊಂಡವರು ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಶಾರ್ಟ್ ಸರ್ವಿಸ್ ಅಧಿಕಾರಿಯಾಗಿ ಅರ್ಜಿ ಹಾಕಬಹುದು. ಗಂಡಸರೂ ಹೆಂಗಸರೂ ಅರ್ಹರು. ಎಂ.ಬಿ.ಬಿ.ಎಸ್. ಮಾತ್ರ ಓದಿದವರಿಗೆ ವಯಸ್ಸು 30 ದಾಟಿರಬಾರದು. ಸ್ನಾತಕೋತ್ತರ ಪದವಿ ಇದ್ದರೆ 35ರವರೆಗೆ ಅವಕಾಶವಿದೆ. ಈಚೆಗೆ ನೀಟ್ ಪಿ.ಜಿ. ಅಂಕಗಳ ಆಧಾರದ ಮೇಲೆ ಸಂದರ್ಶನಕ್ಕೆ ಕರೆಯುತ್ತಿದ್ದಾರೆ. ಆಯ್ಕೆಯಾದವರು ಕ್ಯಾಪ್ಟನ್ ದರ್ಜೆಯಿಂದ ಆರಂಭಿಸುತ್ತಾರೆ. ಮೊದಲು ಐದು ವರ್ಷ. ಒಪ್ಪಿಗೆಯಾದರೆ ಒಟ್ಟು 14 ವರ್ಷದವರೆಗೆ ಮುಂದುವರಿಯಬಹುದು. ನಡುವೆ ಪರ್ಮನೆಂಟ್ ಕಮಿಷನ್ನಿಗೂ ಪ್ರಯತ್ನಿಸಬಹುದು. ಲಕ್ನೋದ ಸೇನಾ ವೈದ್ಯಕೀಯ ದಳದ ಕೇಂದ್ರದಲ್ಲಿ ಆರಂಭದ ತರಬೇತಿ ಕೊಡುತ್ತಾರೆ. ಸೆಲ್ಯೂಟ್ ಹೊಡೆಯುವುದರಿಂದ ಹಿಡಿದು ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ವಿಂಗಡಿಸುವವರೆಗೆ ಅಲ್ಲಿಯೇ ಕಲಿಯುವುದು.

ಒಂದು ಷರತ್ತನ್ನು ಮಾತ್ರ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ಈಗಲೇ ಬರೆದಿಟ್ಟುಕೊಳ್ಳಲಿ. ಅಂತಿಮ ಎಂ.ಬಿ.ಬಿ.ಎಸ್.ನ ಭಾಗ 1 ಮತ್ತು ಭಾಗ 2ರಲ್ಲಿ ಎರಡಕ್ಕಿಂತ ಹೆಚ್ಚು ಪ್ರಯತ್ನ ತೆಗೆದುಕೊಂಡವರನ್ನು ಪರಿಗಣಿಸುವುದಿಲ್ಲ. "ಹೆಂಗೋ ಪಾಸಾದರ ಸಾಕು, ಡಾಕ್ಟರ್ ಅನ್ನಸ್ಕಂತೀವಿ" ಎಂದು ಹಾಸ್ಟೆಲಿನಲ್ಲಿ ಕಾಲ ಕಳೆದವರಿಗೆ ಈ ಬಾಗಿಲು ಅಲ್ಲಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ನಿರ್ಧಾರ ಇಂಟರ್ನ್‌ಶಿಪ್ಪಿನಲ್ಲಿ ಮಾಡಿದರೂ ತಯಾರಿ ಎರಡನೇ ವರ್ಷದಿಂದಲೇ ಇರಬೇಕು.

ಈ ದಾರಿಯಲ್ಲಿ ನಡೆದವರ ಉದಾಹರಣೆ ಬೇಕೆಂದರೆ ನಮ್ಮ ರಾಜ್ಯದಲ್ಲಿಯೇ ನೆಲೆಸಿದ್ದ ವಿಂಗ್ ಕಮಾಂಡರ್ ಡಾ. ವಿಜಯಲಕ್ಷ್ಮಿ ರಮಣನ್ ಅವರನ್ನು ನೆನೆಯಬೇಕು. ಅವರು ಓದಿದ್ದು ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ. ಆಗಿನ್ನೂ ಪುಣೆಯಲ್ಲಿ ಎಂ.ಬಿ.ಬಿ.ಎಸ್. ಇರಲಿಲ್ಲ. 1955ರ ಆಗಸ್ಟ್ 22ರಂದು ಸೇನಾ ವೈದ್ಯಕೀಯ ದಳದ ಶಾರ್ಟ್ ಸರ್ವಿಸ್‌ಗೆ ಸೇರಿ, ಅಂದೇ ವಾಯುಪಡೆಗೆ ನಿಯೋಜನೆಗೊಂಡರು. ವಾಯುಪಡೆಯ ಮೊದಲ ಮಹಿಳಾ ಅಧಿಕಾರಿ ಅವರೇ. ಸ್ತ್ರೀರೋಗ ಮತ್ತು ಹೆರಿಗೆ ತಜ್ಞೆಯಾಗಿ ಕೆಲಸ ಮಾಡಿ, 1977ರಲ್ಲಿ ವಿಶಿಷ್ಟ ಸೇವಾ ಪದಕ ಪಡೆದು, 1979ರಲ್ಲಿ ನಿವೃತ್ತರಾದರು. 2020ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಇಡೀ ವಾಯುಪಡೆಯಲ್ಲಿ ಹೆಣ್ಣುಮಕ್ಕಳೇ ಇಲ್ಲದ ಕಾಲದಲ್ಲಿ ಸೀರೆಯುಟ್ಟ ಒಬ್ಬ ಡಾಕ್ಟರಮ್ಮ ಹೋಗಿ ಅಧಿಕಾರಿಯಾಗಿ ನಿಂತದ್ದು ಸಣ್ಣ ಮಾತಲ್ಲ. ಪುಣೆಯ ಕಾಲೇಜಿನಿಂದ ಬಂದವರ ಉದಾಹರಣೆಯೂ ಇದೆ. ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರಿನ್ ಅಲ್ಲಿಯೇ ಓದಿ, 2024ರ ಅಕ್ಟೋಬರಿನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರಾದ ಮೊದಲ ಮಹಿಳೆ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋದವರು.

ಸೈನ್ಯದ ಡಾಕ್ಟರು ದಿನವೂ ಏನು ಮಾಡುತ್ತಾನೆ ಎಂಬುದನ್ನು ಸಿನಿಮಾ ನೋಡಿ ತಿಳಿಯಬಾರದು. ಹೊಸದಾಗಿ ಸೇರಿದವನನ್ನು ಸಾಮಾನ್ಯವಾಗಿ ಒಂದು ಪಲ್ಟನ್ನಿಗೆ ಆರ್.ಎಂ.ಒ. ಆಗಿ ಕಳಿಸುತ್ತಾರೆ. ನೂರಾರು ಜವಾನರಿಗೆ ಅವನೊಬ್ಬನೇ ಡಾಕ್ಟರು. ಬೆಳಗ್ಗೆ ಸಿಕ್ ರಿಪೋರ್ಟಿಗೆ ಬಂದವರನ್ನು ನೋಡುವುದು. ಅವರಲ್ಲಿ ನಿಜವಾಗಿ ಕಾಯಿಲೆಯಾದವನು ಯಾರು, ಮನೆಯ ಚಿಂತೆಯಿಂದ ನಿದ್ದೆಗೆಟ್ಟವನು ಯಾರು ಎಂದು ಮುಖ ನೋಡಿ ತಿಳಿಯುವುದು. ನಂತರ ಅಡಿಗೆಮನೆಗೆ ಹೋಗಿ ಪಾತ್ರೆ, ಮಾಂಸ, ತರಕಾರಿ ನೋಡುವುದು, ಕುಡಿಯುವ ನೀರಿನಲ್ಲಿ ಕ್ಲೋರಿನ್ ಪರೀಕ್ಷಿಸುವುದು, ಪಾಯಿಖಾನೆ ನೋಡುವುದು, ಸೊಳ್ಳೆ ಹುಟ್ಟುವ ಹೊಂಡ ಮುಚ್ಚಿಸುವುದು. ದೀರ್ಘ ನಡಿಗೆಯಿಂದ ಬಂದವರ ಬೂಟು ಬಿಚ್ಚಿಸಿ ಕಾಲು ನೋಡುವುದು. ದೊಡ್ಡ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಆಸೆಯಿಂದ ಹೋದವನಿಗೆ ಮೊದಲ ಎರಡು ವರ್ಷ ಇದೇ ಕೆಲಸ. ಡೈರಿ ನಡೆಸಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೆಚ್ಚಲು ಬಾವು ಬಂದ ಮೇಲೆ ಸೂಜಿ ಚುಚ್ಚುವುದಕ್ಕಿಂತ ಕೊಟ್ಟಿಗೆ ಒಣಗಿರುವಂತೆ ನೋಡಿಕೊಳ್ಳುವುದು ಅಗ್ಗ. ಸೈನ್ಯದ ವೈದ್ಯಶಾಸ್ತ್ರದ ಮುಕ್ಕಾಲು ಪಾಲು ಆ ಕೊಟ್ಟಿಗೆ ನೋಡಿಕೊಳ್ಳುವ ಕೆಲಸವೇ.

ಎತ್ತರದ ಹಿಮದ ಠಾಣೆಗಳಲ್ಲಿ ಮಾತು ಬೇರೆ. ಅಲ್ಲಿ ಆರೋಗ್ಯವಂತ ಹುಡುಗನ ಎದೆಯಲ್ಲಿ ಒಂದು ರಾತ್ರಿಯಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ. ಆಮ್ಲಜನಕ ಕೊಟ್ಟು ಆದಷ್ಟು ಬೇಗ ಕೆಳಗಿಳಿಸುವುದೇ ಚಿಕಿತ್ಸೆ. ಹೆಲಿಕಾಪ್ಟರ್ ಬರುವ ಹವೆ ಇಲ್ಲದಿದ್ದರೆ ಆ ರಾತ್ರಿ ಡಾಕ್ಟರಿಗೆ ಬಹಳ ಉದ್ದವಾಗುತ್ತದೆ. ಈ ಕಾಯಿಲೆಗಳ ಬಗ್ಗೆ ನಮ್ಮ ಸೇನಾ ವೈದ್ಯರೇ 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ವೈದ್ಯರು ಓದಿದ್ದಾರೆ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಹೋರಾಡುವ ಪಡೆಯನ್ನಲ್ಲ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು. ಅದರ ನಾಯಕ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂದಿತು. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ಅದೇ ತುಕಡಿ ಅಲ್ಲಿಗೆ ಹೋಗಿ ಆಸ್ಪತ್ರೆ ತೆರೆಯಿತು. ಶಾಂತಿಯ ಊರುಗಳಲ್ಲಿಯೂ ಕೆಲಸವಿದೆ. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ, ವಿಮಾನ ಚಾಲಕರ ಮತ್ತು ಗಗನಯಾತ್ರಿಗಳ ದೇಹ ಪರೀಕ್ಷೆ ಮಾಡುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇವೆ. ಆದರೆ ಊರ ಹತ್ತಿರ ಹಾಕಿಸಿಕೊಳ್ಳುತ್ತೇನೆ ಎಂಬ ಲೆಕ್ಕದಿಂದ ಯಾರೂ ಸೇರಬಾರದು. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ತಪ್ಪಿದ್ದಲ್ಲ. ಕೊಟ್ಟೂರಿನ ತೇರಿಗೆ, ಮೈಲಾರದ ಕಾರಣಿಕಕ್ಕೆ ರಜೆ ಸಿಕ್ಕರೆ ಪುಣ್ಯ.

ಹಣದ ವಿಚಾರವನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಒಗ್ಗದು. ಸೇನಾ ವೈದ್ಯನಿಗೆ ಒಳ್ಳೆಯ ಸಂಬಳ, ಅದರ ಜೊತೆ ಖಾಸಗಿ ಪ್ರಾಕ್ಟೀಸು ಮಾಡದಿರುವುದಕ್ಕೆ ಭತ್ಯೆ, ಮನೆ, ಕುಟುಂಬಕ್ಕೆ ಚಿಕಿತ್ಸೆ, ಕ್ಯಾಂಟೀನ್ ಎಲ್ಲ ಇದೆ. ಸಂಜೆ ಕ್ಲಿನಿಕ್ ತೆರೆದು ಸಂಪಾದಿಸುವಂತಿಲ್ಲ. ಶಾರ್ಟ್ ಸರ್ವಿಸ್‌ನವರಿಗೆ ಬಿಡುವಾಗ ಗ್ರಾಚ್ಯುಟಿ ಇದೆ, ಪಿಂಚಣಿ ಇಲ್ಲ. ಸೇವೆಯಲ್ಲಿದ್ದಾಗ ಸ್ನಾತಕೋತ್ತರ ಓದಿಗೆ ಸೇನೆಯ ಸಂಸ್ಥೆಗಳಲ್ಲಿ ಸೇವೆಯಲ್ಲಿರುವವರಿಗೆ ಆದ್ಯತೆ ಇದೆ. ಹೊರಗೆ ಪಿ.ಜಿ. ಸೀಟಿನ ದರ ಕೇಳಿದವರಿಗೆ ಇದರ ಬೆಲೆ ಗೊತ್ತು.

ದರದ ಮಾತು ಬಂದಿತು. ಸರ್ಕಾರಿ ಸೀಟು ತಪ್ಪಿದಾಗ ಹೊಲ ಮಾರಿ, ಎಮ್ಮೆ ಮಾರಿ, ಮ್ಯಾನೇಜ್‌ಮೆಂಟ್ ಸೀಟಿಗೆ ಅಥವಾ ಹೊರದೇಶಕ್ಕೆ ಕಳಿಸುವ ಮನೆಗಳು ನಮ್ಮಲ್ಲಿಯೂ ಹೆಚ್ಚುತ್ತಿವೆ. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯಿಂದ ಉಕ್ರೇನಿಗೆ ವೈದ್ಯಕೀಯ ಓದಲು ಹೋದ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದ. ಅವನ ತಪ್ಪೇನೂ ಇರಲಿಲ್ಲ, ತಂದೆತಾಯಿಯದೂ ಇರಲಿಲ್ಲ. ಇಲ್ಲಿನ ಖಾಸಗಿ ಸೀಟಿನ ಬೆಲೆ ಅಂಥ ಮಕ್ಕಳನ್ನು ಅಷ್ಟು ದೂರ ಓಡಿಸುತ್ತದೆ. ನಾನು ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ: ಮೂರೆಕರೆ ಮಾರುವ ಮುಂಚೆ ಒಂದು ವರ್ಷ ಮತ್ತೆ ನೀಟ್ ಬರೆಯುವುದರ ಖರ್ಚನ್ನು ಲೆಕ್ಕ ಹಾಕಿ. ಒಂದು ವರ್ಷ ತಡವಾದರೆ ಸೈನ್ಯದ ಬಾಗಿಲು ಮುಚ್ಚುವುದಿಲ್ಲ. ಪುಣೆಗೆ 24 ವರ್ಷದೊಳಗೆ, ಶಾರ್ಟ್ ಸರ್ವಿಸ್‌ಗೆ 30ರೊಳಗೆ ಎಂದಾಗ ಒಂದು ವರ್ಷ ಏನು ಮಹಾ? ಹಾಗೆಂದು ನಾಲ್ಕು ವರ್ಷ ಲಾಂಗ್ ಟರ್ಮ್ ಎಂದು ಕೂಡಿಸುವುದನ್ನು ನಾನು ಒಪ್ಪುವುದಿಲ್ಲ. ಆ ಹುಡುಗನ ಮುಖ ನೋಡಿದವರಿಗೆ ಗೊತ್ತು.

ದೇಹದ ವಿಚಾರ ಎರಡೂ ಬಾಗಿಲಿಗೆ ಒಂದೇ. ಅಂಕ ಬಂದು, ಸಂದರ್ಶನವಾಗಿ, ಕೊನೆಗೆ ತಪಾಸಣೆಯಲ್ಲಿ ಹೊರಗೆ ಬೀಳುವವರನ್ನು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ, ಏಕೆಂದರೆ ಅದರಲ್ಲಿ ಅರ್ಧಕ್ಕರ್ಧ ಮೊದಲೇ ಗೊತ್ತಾಗಬೇಕಾದ ದೋಷಗಳು. ಕಣ್ಣಿನ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ, ಕಿವಿ ಸೋರುವಿಕೆ, ಚಪ್ಪಟೆ ಪಾದ, ಮೊಣಕಾಲು ತಾಕುವುದು, ಹರ್ನಿಯಾ, ತೂಕ ಇವನ್ನೆಲ್ಲ ಹತ್ತನೇ ತರಗತಿಯಲ್ಲಿಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಹರ್ನಿಯಾ, ಕಿವಿ ತೂತುಗಳಿಗೆ ಶಸ್ತ್ರಚಿಕಿತ್ಸೆ ಇದೆ, ಸಮಯ ಬೇಕು. ಬಣ್ಣಗುರುಡಿಗೆ ಚಿಕಿತ್ಸೆ ಇಲ್ಲ. ಅದು ಮೊದಲೇ ತಿಳಿದರೆ ಹುಡುಗ ಬೇರೆ ಕಡೆ ಮನಸ್ಸು ತಿರುಗಿಸುತ್ತಾನೆ. ಹಲ್ಲಿನ ಮಾತನ್ನು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯವರಿಗೆ ಬೇರೆಯಾಗಿ ಹೇಳಬೇಕು. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ನೀರು ಮಕ್ಕಳ ಹಲ್ಲಿಗೆ ಕಂದು ಕಲೆ ತರುತ್ತದೆ, ಹೆಚ್ಚಾದರೆ ಮೂಳೆಗೂ ಹೋಗುತ್ತದೆ. ಸೈನ್ಯದಲ್ಲಿ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂಡಿ ಅಗಿಯುವುದನ್ನು ಎಣಿಸಿ ಅಂಕ ಹಾಕುತ್ತಾರೆ, ಕನಿಷ್ಠ 14 ಅಂಕ ಬೇಕು. ಮಕ್ಕಳಿಗೆ ಶುದ್ಧೀಕರಣ ಘಟಕದ ನೀರನ್ನೇ ಕುಡಿಸಿ, ಹುಳುಕು ಹಲ್ಲನ್ನು ಕೀಳಿಸುವ ಬದಲು ತುಂಬಿಸಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಹುಡುಗರೂ ಸ್ವಲ್ಪ ತಡೆಯುವುದು ಒಳ್ಳೆಯದು.

ವೈದ್ಯರಾಗದೆಯೂ ಈ ಸೇವೆಗೆ ಹೋಗುವ ದಾರಿಗಳಿವೆ. ಪಿ.ಯು.ಸಿ. ವಿಜ್ಞಾನ ಓದಿದ ಹೆಣ್ಣುಮಕ್ಕಳಿಗೆ ಸೇನೆಯ ನರ್ಸಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ನೀಟ್ ಅಂಕವೇ ಆಧಾರ. ಆರು ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿದೆ. ಮುಗಿಸಿದವರು ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಅಧಿಕಾರಿಯಾಗುತ್ತಾರೆ. ನರ್ಸಿಂಗ್ ಅಸಿಸ್ಟೆಂಟ್ ಎಂಬ ಜವಾನರ ಹುದ್ದೆ ಬೇರೆ, ಅದು ಡಾಕ್ಟರಾಗುವ ಮೆಟ್ಟಿಲಲ್ಲ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ವೈದ್ಯರ ನೇಮಕಾತಿಯೂ ಬೇರೆ. ಅವು ಗೃಹ ಇಲಾಖೆಗೆ ಸೇರಿದವು.

ಈ ಸಭೆಯಲ್ಲಿ ನಿಂತು ಪಶುವೈದ್ಯರನ್ನು ಮರೆತರೆ ತಾವು ನನ್ನನ್ನು ಬಿಡುವುದಿಲ್ಲ. ಸೈನ್ಯದಲ್ಲಿ ರಿಮೌಂಟ್ ವೆಟರಿನರಿ ಕೋರ್ ಎಂಬ ದಳವಿದೆ. ಅದರ ಮೂಲ 1779ರಷ್ಟು ಹಳೆಯದು, ಕೇಂದ್ರ ಮೀರತ್‌ನಲ್ಲಿದೆ. ಕುದುರೆ, ಹೇಸರಗತ್ತೆ, ಬಾಂಬು ಮೂಸುವ ನಾಯಿಗಳ ಆರೋಗ್ಯ ಅವರ ಕೈಯಲ್ಲಿ. ಬಿ.ವಿ.ಎಸ್ಸಿ. ಪದವೀಧರರು ಶಾರ್ಟ್ ಸರ್ವಿಸ್‌ನಲ್ಲಿ ಕ್ಯಾಪ್ಟನ್ ಆಗಿ ಸೇರಬಹುದು. ಬೀದರ್, ಹೆಬ್ಬಾಳ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ರೈತರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆಯ ಮೂಲಕ ಸೀಟುಗಳಿವೆ ಎಂಬುದು ತಮಗೆ ಗೊತ್ತೇ ಇದೆ. ಕರುವಿನ ಹಲ್ಲು ನೋಡಿ ವಯಸ್ಸು ಹೇಳುವ ಹುಡುಗಿಗೆ ಅದಕ್ಕಿಂತ ಸುಲಭದ ಪರೀಕ್ಷೆ ಯಾವುದು? ಸೈನ್ಯ ತನ್ನದೇ ಡೈರಿಗಳನ್ನೂ ನಡೆಸುತ್ತಿತ್ತು. 1889ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಆ ಮಿಲಿಟರಿ ಫಾರ್ಮುಗಳು, ಫ್ರೀಸ್ವಾಲ್ ಎಂಬ ಮಿಶ್ರತಳಿಗೆ ಹೆಸರಾಗಿದ್ದವು, 2021ರಲ್ಲಿ ಮುಚ್ಚಿದವು. ಈಗ ಜವಾನರಿಗೂ ಹೊರಗಿನ ಡೈರಿಗಳ ಹಾಲೇ ಹೋಗುತ್ತದೆ.

ಕೊನೆಯದಾಗಿ ಅರ್ಜಿಯ ವಿಚಾರ. ಪ್ರತಿವರ್ಷ ನಮ್ಮ ಮಕ್ಕಳು ಇಲ್ಲಿಯೇ ಅವಕಾಶ ಕಳೆದುಕೊಳ್ಳುತ್ತಾರೆ. ನೀಟ್ ಬರೆದ ಮಾತ್ರಕ್ಕೆ ಪುಣೆಯವರು ಕರೆಯುವುದಿಲ್ಲ. ಫಲಿತಾಂಶ ಬಂದ ಮೇಲೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ, ಅಂದರೆ ಎಂ.ಸಿ.ಸಿ.ಯ ತಾಣದಲ್ಲಿ ಬೇರೆಯಾಗಿ ನೋಂದಣಿ ಮಾಡಿ, ಎ.ಎಫ್.ಎಂ.ಸಿ. ಬೇಕೆಂದು ಆಯ್ಕೆ ತುಂಬಬೇಕು. ಕೆ.ಇ.ಎ.ಯಲ್ಲಿ ಮಾಡಿಸಿದ ನೋಂದಣಿ ರಾಜ್ಯದ ಸೀಟುಗಳಿಗೆ ಮಾತ್ರ. ಎರಡೂ ಮಾಡಿಸಬೇಕು, ಒಂದು ಮಾಡಿದರೆ ಇನ್ನೊಂದು ಆದಂತಲ್ಲ. ಕಾಲಾವಕಾಶ ಕೆಲವೇ ದಿನ, ಅದೂ ಬಿತ್ತನೆಯ ಗಡಿಬಿಡಿಯ ದಿನಗಳಲ್ಲಿಯೇ ಬರುತ್ತದೆ. 371(ಜೆ) ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪತ್ರ, ಹತ್ತನೇ ತರಗತಿಯ ಅಂಕಪಟ್ಟಿ ಇವನ್ನು ಮಾರ್ಚ್ ತಿಂಗಳೊಳಗೆ ತೆಗೆಸಿ ಒಂದು ಫೈಲಿನಲ್ಲಿ ಇಡಿ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಆಧಾರ್ ಕಾರ್ಡಿನಲ್ಲಿಯೂ ಹಾಗೆಯೇ ಇದೆಯೇ ಎಂದು ಈ ವಾರವೇ ನೋಡಿ. ಬೇರೆ ಇದ್ದರೆ ತಿದ್ದಿಸಲು ತಿಂಗಳುಗಳೇ ಬೇಕಾಗುತ್ತವೆ. ಈಗಾಗಲೇ ಎಂ.ಬಿ.ಬಿ.ಎಸ್. ಓದುತ್ತಿರುವವರು ಸೇನೆಯ ಶಾರ್ಟ್ ಸರ್ವಿಸ್ ಪ್ರಕಟಣೆಯನ್ನು ಇಂಟರ್ನ್‌ಶಿಪ್ ಆರಂಭವಾದ ದಿನದಿಂದ ನೋಡುತ್ತಿರಲಿ. ಸರ್ಕಾರಿ ಸೀಟಿನಲ್ಲಿ ಓದಿದವರು ರಾಜ್ಯದ ಗ್ರಾಮೀಣ ಸೇವೆಯ ನಿಯಮ ತಮ್ಮ ಬ್ಯಾಚಿಗೆ ಹೇಗಿದೆ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿಕೊಂಡೇ ಅರ್ಜಿ ಹಾಕಲಿ.

ಊಟದ ನಂತರ ನಾನು ಇಲ್ಲಿಯೇ ಕುಳಿತಿರುತ್ತೇನೆ. ಮಕ್ಕಳ ಅಂಕಪಟ್ಟಿ ತಂದವರು ತೋರಿಸಬಹುದು. ಹುಡುಗಿಯರು ಮೊದಲು ಬರಲಿ.